ಅಕ್ಕನ ಮ್ಯಾಚಿಂಗ್ ಅಂಗಡಿಯ ಲೈಟುಗಳು

ಆ ದಿನ ಕಾರವಾರದಲ್ಲಿ ಬಿಸಿಲಿತ್ತೋ ಇಲ್ಲವೋ, ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅಕ್ಕ ಲೈಟಿನ ಅಂಗಡಿಯ ಮೆಟ್ಟಿಲಿಳಿದು ರಸ್ತೆಯಂಚಿಗೆ ಹೋಗುತ್ತಾಳೆ, ಎರಡು ಬ್ಲೌಸ್ ಪೀಸುಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನಿಲ್ಲುತ್ತಾಳೆ. ಅವಳನ್ನು ಕೇಳಿದರೆ, "ಬಿಸಿಲೆಲ್ಲಿತ್ತು ಮಾರಾಯಾ, ಜಡಿಮಳೆ. ನಾವು ಹೊರಗೇ ಹೋಗ್ಲಿಲ್ಲ" ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರ ನೆನಪು ತಪ್ಪು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಿ, ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತ ಬಂದವನು ನಾನು. ಈ ಒಂದು ಮಧ್ಯಾಹ್ನವನ್ನು ಪರೀಕ್ಷಿಸುವ ದಾರಿ ಮಾತ್ರ ನನಗೆ ಸಿಕ್ಕಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ಒಂದೇ ಶಟರಿನ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದಳು. ಹೆಂಗಸರು ಸೀರೆ ತಂದರೆ ಅದಕ್ಕೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲು ಆರಿಸಿ ಕೊಡುವುದು ಅವಳ ಕೆಲಸ. ಕಿಟಕಿಯಿಲ್ಲದ, ಆಳವಾದ ಅಂಗಡಿ. ನೆಲದಿಂದ ಮಾಡಿನವರೆಗೆ ಬಣ್ಣಬಣ್ಣದ ಬಟ್ಟೆ. ಇಂಥ ಅಂಗಡಿಗಳಲ್ಲಿ ಒಂದು ರೂಢಿಯಿದೆ. ಪೀಸನ್ನು ಸೀರೆಯ ಮೇಲಿಟ್ಟು ಒಳಗೆ ನೋಡಿದ ಮೇಲೆ ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಗೆ ಹೋಗಿ ಹಗಲ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅಕ್ಕನ ಅಂಗಡಿಯಲ್ಲಿ ಆ ರೂಢಿ ನಿಂತೇಹೋಗಿತ್ತು. ಹೊಸಬರು ಯಾರಾದರೂ ಹೊರಗೆ ಹೊರಟರೆ, "ಹೋಗಿ ಬನ್ನಿ, ಸೂರ್ಯನ್ನೂ ಒಂದ್ ಮಾತು ಕೇಳ್ಕಂಡು ಬನ್ನಿ" ಎಂದು ನಗುತ್ತಿದ್ದಳು. ಹೋದವರು ಸುಮ್ಮನೆ ಮರಳಿ ಬಂದು ಪೀಸು ಕತ್ತರಿಸಲು ಹೇಳುತ್ತಿದ್ದರು. ಸುಂಕಸಾಳದ ಕಡೆಯ ಮದುವೆ ಮನೆಯವರು ಸೀರೆ ತರದೆ, ಬಣ್ಣವನ್ನು ಬಾಯಲ್ಲಿ ಹೇಳಿ, ಅವಳು ಕೊಟ್ಟದ್ದನ್ನು ಒಯ್ದದ್ದೂ ಉಂಟು.

ನನಗೆ ಹಸಿರೆಂದರೆ ಹಸಿರು. ಅವಳಿಗೆ ಗಿಳಿಹಸಿರು, ಪಿಸ್ತಾ, ರಾಮಾ ಗ್ರೀನ್, ಬಾಟಲಿ ಹಸಿರು. ಕೆಂಪಿನಿಂದ ಅಬ್ಬಲಿಯ, ಅಂದರೆ ಕನಕಾಂಬರ ಹೂವಿನ, ಬಣ್ಣದವರೆಗೆ ನಡುವೆ ಎಷ್ಟು ಮೆಟ್ಟಿಲುಗಳಿವೆಯೋ ಅಷ್ಟಕ್ಕೂ ಅವಳಲ್ಲಿ ಹೆಸರಿತ್ತು. ಒಮ್ಮೆ ನಾನು ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಕಾಲೇಜಿಗೆ ಹೋಗಿ, ಸಂಜೆ ಅದೇ ಕಾಲಲ್ಲಿ ಅಂಗಡಿಗೆ ಬಂದಿದ್ದೆ. "ಬೆಳಕಿನ ಪಾಠ ಹೇಳೂ ಮಾಸ್ತರು ನೋಡಿ" ಎಂದು ಗಿರಾಕಿಗಳ ಮುಂದೆ ನನ್ನ ಕಾಲು ತೋರಿಸಿದ್ದಳು. ಬಣ್ಣದ ವಿಷಯದಲ್ಲಿ ಅವಳು ಸರಿ, ನಾನು ತಪ್ಪು. ನಮ್ಮ ಮನೆಯಲ್ಲಿ ಇದು ಯಾರೂ ಪ್ರಶ್ನಿಸದ ಮಾತಾಗಿತ್ತು. ನಾನೂ ಪ್ರಶ್ನಿಸಿರಲಿಲ್ಲ.

ಅಂಗಡಿಯ ಹಳೆಯ ಟ್ಯೂಬ್‌ಲೈಟುಗಳ ಚೋಕುಗಳು ಒಂದೊಂದಾಗಿ ಸುಟ್ಟುಹೋದವು. ಬದಲಿ ಚೋಕು ಪೇಟೆಯಲ್ಲಿ ಸಿಗದಾಯಿತು, ಕರೆಂಟು ಬಿಲ್ಲೂ ಏರುತ್ತಿತ್ತು. ಎಲ್ಲವನ್ನೂ ತೆಗೆಸಿ ಎಲ್‌ಇಡಿ ಹಾಕಿಸಿದೆವು. ಅಂಗಡಿ ಬೆಳ್ಳಗಾಯಿತು, ಚೋಕಿನ ಗುಂಯ್ ಎಂಬ ಸದ್ದು ನಿಂತಿತು. "ಕಿವಿ ತೊಳೆದಂಗೆ ಆಯ್ತು" ಎಂದಳು ಅಕ್ಕ.

ಅದೇ ಬೇಸಿಗೆಯಲ್ಲಿ ಅವಳಿಗೆ ಬಿಡದ ಕೆಮ್ಮು ಬಂತು, ಕ್ಷಯವೆಂದು ತಿಳಿಯಿತು. ಪೇಟೆಗೆ ಗೊತ್ತಾದರೆ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ ಎಂದು ಹೆದರಿದಳು. ಬಟ್ಟೆ ಖರೀದಿಯ ನೆಪ ಹೇಳಿ ಕಾರವಾರಕ್ಕೆ ಬಂದು ಔಷಧ ಒಯ್ಯುತ್ತಿದ್ದಳು. ನಾನು ಹೊಳೆಯಾಚೆ ಸದಾಶಿವಗಡದಲ್ಲಿ ಇರುವವನು. ಸೇತುವೆ ದಾಟಿ ಬಂದು ಅವಳ ಜೊತೆ ಆಸ್ಪತ್ರೆಯಲ್ಲಿ ಕೂರುತ್ತಿದ್ದೆ. ಕಣ್ಣು ಸರಿ ಕಾಣುತ್ತದೆಯೇ ಎಂದು ವೈದ್ಯೆ ಪ್ರತಿ ಸಲ ಕೇಳುತ್ತಿದ್ದರು. "ಕನ್ನಡಕ ಇಲ್ದೇ ಸೂಜಿಗೆ ದಾರ ಪೋಣಿಸ್ತೆ" ಎಂದು ಅಕ್ಕ ಪ್ರತಿ ಸಲ ಹೇಳುತ್ತಿದ್ದಳು. ಅದು ನಿಜವೇ ಆಗಿತ್ತು. ಕೆಮ್ಮು ಕಡಿಮೆಯಾಗುತ್ತ ಬಂತು.

ಮಳೆಗಾಲ ಹಿಡಿದ ಮೇಲೆ ಬೇಲೆಕೇರಿಯ ಒಬ್ಬ ಹೆಂಗಸು ಪೀಸು ಮರಳಿ ತಂದಳು. ಬಹಳ ಕಾಲದ ಗಿರಾಕಿ. ನಾನು ಆಗ ಅಂಗಡಿಯಲ್ಲೇ ಇದ್ದೆ. ಕೌಂಟರಿನ ಮೇಲೆ ಸೀರೆ ಬಿಡಿಸಿಟ್ಟು, "ಎಂತದು ಅಕ್ಕಾ ಇದು? ಪೀಸಿನ ಮೇಲೆ ಚಾ ಚೆಲ್ಕಂಡ್ರಾ?" ಎಂದಳು. ಬಾಟಲಿ ಹಸಿರಿನ ಸೀರೆಗೆ ಅಕ್ಕ ಕಾಫಿ ಬಣ್ಣದ ಪೀಸು ಕೊಟ್ಟಿದ್ದಳು.

ಅಕ್ಕ ಎರಡನ್ನೂ ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ತಲೆಯೆತ್ತಿ ಲೈಟು ನೋಡಿದಳು.

"ಈ ದರಿದ್ರ ಲೈಟಿನ ಕೆಲಸ ಇದು. ಎಲ್ಲಾ ಮಾಸ್ದಂಗೆ ಕಾಣ್ತದೆ."

"ಹಂಗಾರೆ ನಮ್ಮಂಗೆ ಬುಡ್ಡಿ ದೀಪ ಇಟ್ಕಣಿ" ಎಂದು ನಗುತ್ತ ಆ ಹೆಂಗಸು ಬೇರೆ ಪೀಸು ಒಯ್ದಳು. ಈ ಸಲ ಅದನ್ನು ಮೆಟ್ಟಿಲಿಗೆ ಒಯ್ದು ನೋಡಿದಳು. ಅಕ್ಕ ತಮಾಷೆ ಮಾಡಲಿಲ್ಲ.

ನನ್ನ ಓದೂ ಅಕ್ಕನ ಮಾತಿನ ಪರವಾಗಿಯೇ ನಿಂತಿತು. ಅಗ್ಗದ ಎಲ್‌ಇಡಿ ಕರೆಂಟು ಉಳಿಸುತ್ತದೆ, ಆದರೆ ಅದರ ಬಿಳಿಯಲ್ಲಿ ಕೆಂಪಿನ ಪಾಲು ಕಡಿಮೆ. ಅದರ ಕೆಳಗೆ ಕಂದು, ಕೆಂಪು ಸಪ್ಪೆಯಾಗುತ್ತವೆ. ಇದು ಸುಳ್ಳಲ್ಲ. ಬಟ್ಟೆ ಅಂಗಡಿಗೆ ಲೈಟು ಕೊಳ್ಳುವವರು ಎಷ್ಟು ವ್ಯಾಟು ಎಂದಷ್ಟೇ ನೋಡದೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿಯನ್ನೂ ಪೆಟ್ಟಿಗೆಯ ಮೇಲೆ ಓದಬೇಕು. ಇನ್ನೂ ಒಳ್ಳೆಯ ಲೈಟು ಆರಿಸೋಣ ಎಂದು, ಔಷಧದ ದಿನವೇ ಇಬ್ಬರೂ ಕಾರವಾರದ ಲೈಟಿನ ಅಂಗಡಿಗೆ ಹೋದೆವು. ಬಾಟಲಿ ಹಸಿರು, ಕಾಫಿ, ಎರಡು ತುಂಡುಗಳನ್ನು ಅಕ್ಕ ಕೈಚೀಲದಲ್ಲಿ ತಂದಿದ್ದಳು. ಇವೆರಡು ಬೇರೆಯಾಗಿ ಕಾಣುವ ಲೈಟೇ ತನ್ನ ಲೈಟು ಎಂದಳು.

ಅಂಗಡಿಯ ಮಾಲೀಕ ಮಾತಿನ ಮನುಷ್ಯ. ಹಲಗೆಯ ಮೇಲೆ ಸಾಲಾಗಿ ಸಿಕ್ಕಿಸಿದ ಲೈಟುಗಳನ್ನು ಒಂದೊಂದಾಗಿ ಹಚ್ಚಿದ. ಅಕ್ಕ ಪ್ರತಿಯೊಂದರ ಕೆಳಗೂ ಎರಡು ತುಂಡುಗಳನ್ನು ಜೋಡಿಸಿ ಹಿಡಿದಳು.

"ಎರಡೂ ಒಂದೇ ಕಾಣ್ತದೆ. ಮುಂದಿನ್ದು ಹಚ್ಚು."

"ಬಾಯೀ, ಬೇರೆ ಬೇರೆ ಕಾಣ್ತದಲ್ರೀ" ಎಂದ ಅವನು.

"ನಿನ್ ಲೈಟು ನಿಂಗೆ ಚಂದವೇ ಕಾಣ್ತದೆ. ಹೆತ್ತವ್ರಿಗೆ ಹೆಗ್ಗಣ ಅಂದಂಗೆ ಮಾತಾಡ್ಬೇಡ, ಮುಂದಿನ್ದು ಹಚ್ಚು."

ಅವನು ನಕ್ಕ, ನಾನೂ ನಕ್ಕೆ. ಮಾರುವವನ ಮಾತು ಎಂದು ಬಿಟ್ಟೆವು. ಅವನು ನಿಜವಾಗಿ ಹಾಗೆ ಹೇಳಿದನೇ, ಅಥವಾ ನಡೆದದ್ದು ಗೊತ್ತಾದ ಮೇಲೆ ಆ ಮಾತನ್ನು ನಾನೇ ಅವನ ಬಾಯಲ್ಲಿ ಇಟ್ಟೆನೇ? ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ಆಗ ನನಗೇನು ಕಂಡಿತು ಎಂಬುದು. ಅವಳು ಒಂದೇ ಎಂದಾಗ ನನಗೂ ಒಂದೇ ಕಂಡಂತೆ ನೆನಪು. ಬೇರೆ ಎಂದು ಕಂಡಿದ್ದರೂ, ನನ್ನ ಕಣ್ಣಿನ ಯೋಗ್ಯತೆ ಗೊತ್ತಿದ್ದ ನಾನು ಅದನ್ನು ನಂಬುತ್ತಿರಲಿಲ್ಲ.

ಕೊನೆಗೆ ಪೆಟ್ಟಿಗೆಯ ಮೇಲಿನ ಅಂಕಿ ಎಲ್ಲಕ್ಕಿಂತ ಹೆಚ್ಚಿದ್ದ ಲೈಟನ್ನು ನಾನು ಆರಿಸಿದೆ. ಅದರ ಕೆಳಗೆ ಅಕ್ಕ ಸ್ವಲ್ಪ ಹೊತ್ತು ನೋಡಿ, "ಆಗ್ಲಿ, ಇದು ಅಡ್ಡಿಲ್ಲ" ಎಂದಳು. ಅದಕ್ಕೆ ಮೊದಲು ಅವಳು ರಸ್ತೆಗೆ ಹೋಗಿ ಬಂದಳು ಎನ್ನುತ್ತದೆ ನನ್ನ ನೆನಪು. ಹೋಗಿದ್ದರೆ ಬಿಸಿಲಿನಲ್ಲೂ ಎರಡು ತುಂಡುಗಳು ಅವಳಿಗೆ ಒಂದೇ ಕಂಡಿರಬೇಕು. ಅವಳಿಗೆ ಅಂದೇ ಗೊತ್ತಾಗಿರಬೇಕು, ಗೊತ್ತಾಗಿಯೂ ನನ್ನ ಸಮಾಧಾನಕ್ಕೆ "ಅಡ್ಡಿಲ್ಲ" ಎಂದಿರಬೇಕು. ಮಳೆಯೇ ಆಗಿದ್ದರೆ ಇಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲಿನ ಪ್ರಶ್ನೆಯನ್ನು ನಾನು ಬಿಡದಿರುವುದು ಇದಕ್ಕೆ.

ಹೊಸ ಲೈಟು ಬಂದ ಮೇಲೂ ಪೀಸುಗಳು ಮರಳಿ ಬರುತ್ತಲೇ ಇದ್ದವು. ಬೈಯಲು ಅವಳಿಗೆ ಲೈಟು ಉಳಿದಿರಲಿಲ್ಲ; ಮಳೆಗಾಲವನ್ನು ಬೈದಳು, ಮೋಡವನ್ನು ಬೈದಳು. ಗಿರಾಕಿಗಳು ಎಲ್ಲರೂ ಮೆಟ್ಟಿಲಿಗೆ ಹೋಗಿ ನೋಡತೊಡಗಿದರು.

ಮುಂದಿನ ಸಲ ಆಸ್ಪತ್ರೆಯಲ್ಲಿ, ಮುಖ ಯಾಕೆ ಸಣ್ಣದಾಗಿದೆ ಎಂದು ವೈದ್ಯೆ ಸುಮ್ಮನೆ ಮಾತಿಗೆ ಕೇಳಿದರು. ಅಕ್ಕ ಲೈಟಿನ ಕತೆಯನ್ನೆಲ್ಲ ಹೇಳಿಕೊಂಡಳು. ಕೇಳುತ್ತ ಕೇಳುತ್ತ ವೈದ್ಯೆ ಬರೆಯುವುದನ್ನು ನಿಲ್ಲಿಸಿದರು. ಬಾಗಿಲ ಪರದೆಯತ್ತ ಕೈ ತೋರಿಸಿ, "ಅದು ಯಾವ ಬಣ್ಣ ಅಮ್ಮಾ?" ಎಂದರು.

"ಬೂದಿ" ಎಂದಳು ಅಕ್ಕ, ಕೌಂಟರಿನ ಹಿಂದೆ ಕುಳಿತವಳ ದನಿಯಲ್ಲಿ. ಆಮೇಲೆ ನನ್ನ ಮುಖ ನೋಡಿದಳು.

ಪರದೆ ಹಸಿರಾಗಿತ್ತು. ಅಷ್ಟು ಹಸಿರು ನನಗೂ ಗೊತ್ತಾಗುತ್ತದೆ.

ಕ್ಷಯಕ್ಕೆ ಕೊಡುತ್ತಿದ್ದ ಗುಳಿಗೆಗಳಲ್ಲಿ ಒಂದು, ಅಪರೂಪಕ್ಕೆ ಕೆಲವರಲ್ಲಿ, ಕಣ್ಣಿನ ನರಕ್ಕೆ ತಾಗುತ್ತದೆಯಂತೆ. ಕೆಂಪು ಹಸಿರು ಮೊದಲು ಹೋಗುತ್ತವಂತೆ. ಅಂದೇ ಅದನ್ನು ನಿಲ್ಲಿಸಿದರು. ಬೇಗ ಗೊತ್ತಾದರೆ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ ಎಂದರು. ಬೇಗ ಎಂದರೆ ಎಷ್ಟು ಬೇಗ ಎಂದು ನಾನು ಕೇಳಲಿಲ್ಲ. ಬೇರೆ ಕಸುಬಿನವಳಾಗಿದ್ದರೆ ಅಕ್ಕ ತನ್ನ ಕಣ್ಣನ್ನೇ ಮೊದಲು ಅನುಮಾನಿಸುತ್ತಿದ್ದಳೇನೋ. ಅವಳಿಗೆ ಕಣ್ಣಿನ ಮೇಲೆ ಅಷ್ಟು ನಂಬಿಕೆಯಿತ್ತು, ಲೈಟುಗಳು ಹೊಸವಾಗಿದ್ದವು.

ಕ್ಷಯ ಪೂರ್ತಿ ವಾಸಿಯಾಯಿತು. ಸೂಜಿಗೆ ಈಗಲೂ ದಾರ ಪೋಣಿಸುತ್ತಾಳೆ. ಕೆಂಪು ಹಸಿರು ಬರಲಿಲ್ಲ. ಅಂಗಡಿಯನ್ನು ಬಿಟ್ಟುಕೊಟ್ಟಳು; ಅಲ್ಲೀಗ ಮೊಬೈಲ್ ಕವರು ಮಾರುತ್ತಾರೆ, ಅವಳಿಗಾಗಿ ಆರಿಸಿದ ಲೈಟುಗಳ ಕೆಳಗೆ. ಮೊದಲೆಲ್ಲ ಯಾರ ಸುದ್ದಿ ಹೇಳುವಾಗಲೂ "ಆ ರಾಮಾ ಗ್ರೀನ್ ಸೀರೆಯವಳು" ಎನ್ನುತ್ತಿದ್ದವಳು ಈಗ "ಆ ಜರಿ ಸೀರೆಯವಳು", "ಆ ತೆಳು ಸೀರೆಯವಳು" ಎನ್ನುತ್ತಾಳೆ. ಬಣ್ಣದ ಹೆಸರು ಅವಳ ಬಾಯಲ್ಲಿ ಬರುವುದೇ ಇಲ್ಲ. ಅಂಗಳದಲ್ಲಿ ಅಬ್ಬಲಿ ಅರಳಿದರೆ ಎಲೆಗಳ ನಡುವೆ ಕೈಯಿಂದ ತಡಕಿ ಕೊಯ್ಯುತ್ತಾಳೆ.

ಲೈಟು ಬದಲಿಸಿದ ದಿನ, ಬಿಚ್ಚಿದ ಹಳೆಯ ಎಲ್‌ಇಡಿಗಳಲ್ಲಿ ಒಂದನ್ನು ನಮ್ಮ ಜಗಲಿಗಾದೀತು ಎಂದು ಸದಾಶಿವಗಡಕ್ಕೆ ತಂದಿದ್ದೆ. ಅದು ಅಟ್ಟದ ಮೇಲೇ ಉಳಿಯಿತು. ಆ ಎರಡು ತುಂಡು ಬಟ್ಟೆಗಳೂ, ಹೇಗೋ, ನನ್ನ ಚೀಲಕ್ಕೆ ಬಂದು ಉಳಿದಿದ್ದವು. ಹೋದ ತಿಂಗಳು, ಅಕ್ಕ ನಮ್ಮಲ್ಲಿಗೆ ಬಂದು ಹೋದ ಮರುದಿನ, ಕಿಟಕಿಗಳನ್ನೆಲ್ಲ ಮುಚ್ಚಿ ಆ ಲೈಟನ್ನು ಸಿಕ್ಕಿಸಿ ಹಚ್ಚಿದೆ. ಅದರ ಕೆಳಗೆ ಎರಡನ್ನೂ ಜೋಡಿಸಿ ಹಿಡಿದೆ. ಹೆಂಡತಿಯನ್ನು ಕರೆದು, ಏನನ್ನೂ ಹೇಳದೆ, ಇವು ಯಾವ ಬಣ್ಣ ಎಂದು ಕೇಳಿದೆ.

ಒಂದು ಬಾಟಲಿ ಹಸಿರು, ಇನ್ನೊಂದು ಕಾಫಿ ಎಂದಳು. ನನಗೂ ಹಾಗೆಯೇ ಕಂಡಿತು.