ದೊರೆಯ ಕಾರು, ಚುಟ್ಟದ ನಾತ

ಗುಂಡ್ಲುಪೇಟೆಯ ಅರಿಸಿನ ಮಂಡಿ ನೀಲಕಂಠಸ್ವಾಮಿಗೆ ಯಾವ ಚಟವೂ ಇರಲಿಲ್ಲ. ಬೆಳಗ್ಗೆ ಲಿಂಗಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ಮಂಡಿ, ಅಷ್ಟೇ ಅವನ ಲೋಕ. ಹೊಗೆಸೊಪ್ಪಿನ ವಿಷಯದಲ್ಲಂತೂ ಮದುವೆಯ ದಿನವೇ ಮಾತು ಕೊಟ್ಟು ಸಿಕ್ಕಿಹಾಕಿಕೊಂಡವನು. ಅತ್ತೆ ದೊಡ್ಡಮಲ್ಲಮ್ಮ ತನ್ನೂರು ಕುದೇರಿನ ಮದುವೆ ಚಪ್ಪರದಲ್ಲಿ ಹಿರಿಯರನ್ನೆಲ್ಲ ಕೂರಿಸಿ, ಕೊರಳ ಲಿಂಗ ಮುಟ್ಟಿಸಿ, ಬೀಡಿ ಚುಟ್ಟ ಮುಟ್ಟುವುದಿಲ್ಲವೆಂದು ಅಳಿಯನ ಬಾಯಲ್ಲಿ ಹೇಳಿಸಿದ್ದಳು. ಪಾಪ, ಆಕೆಯ ಗಂಡ ಚುಟ್ಟ ಸೇದಿ ಸೇದಿ ಒಂದು ಹುಲ್ಲಿನ ಬಣವೆಯನ್ನೂ ಒಳ್ಳೊಳ್ಳೆಯ ಕಂಬಳಿಗಳನ್ನೂ ಸುಟ್ಟು, ಕೊನೆಗೆ ಕೆಮ್ಮುತ್ತಲೇ ಶಿವನ ಪಾದ ಸೇರಿದ್ದ.

ಇಂಥ ನೀಲಕಂಠಸ್ವಾಮಿ ಕಾರು ಕೊಂಡ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನೀಲಗಿರಿಯ ಟೀ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ಸೀಮೆಗೆ ಹೊರಟಾಗ ಅವನ ಹಳೆಯ ಕಾರು ಇವನ ಕೈಗೆ ಬಂತು. ಶಿವರಾತ್ರಿಗೆ ಅತ್ತೆಯನ್ನು ಕಾರಿನಲ್ಲೇ ಕರೆತರುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಆದರೆ ಬಾಗಿಲು ತೆಗೆದರೆ ಸಾಕು, ಚುಟ್ಟದ ನಾತ ಮುಖಕ್ಕೆ ರಾಚುತ್ತಿತ್ತು. ದೊರೆ ಹಡಗು ಹತ್ತಿದರೂ ಅವನ ಹೊಗೆ ಸೀಟಿನಲ್ಲೇ ಕಾಲು ಚಾಚಿ ಕೂತಿತ್ತು.

ಸ್ಟೀರಿಂಗಿನ ಪಕ್ಕದಲ್ಲಿ ಮುಚ್ಚಳದ ಒಂದು ಪುಟ್ಟ ಡಬ್ಬಿಯಿತ್ತು. ಎಳೆದು ನೋಡಿದರೆ ಒಳಗೆ ನುಣ್ಣನೆಯ ಬಿಳಿ ಬೂದಿ. ನೀಲಕಂಠಸ್ವಾಮಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಈ ನೆಲದ ಅನ್ನ ತಿಂದ ದೊರೆಗೂ ಶಿವ ಒಲಿದನಲ್ಲ! ಬೂದಿಯನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಬಳಿದುಕೊಂಡ. ಮನೆಯ ವಿಭೂತಿ ಗಟ್ಟಿಯನ್ನೂ ಪುಡಿಮಾಡಿ ಅದರೊಳಕ್ಕೇ ಬೆರೆಸಿದ. ಅಂದಿನಿಂದ ಡಬ್ಬಿ ತೆರೆದು ಹಣೆಯ ಮೇಲೆ ಮೂರು ಬೆರಳು ಎಳೆಯದೆ ಗಾಡಿ ಬಿಟ್ಟವನಲ್ಲ.

ನಾತ ಓಡಿಸುವ ಕೆಲಸ ಮಂಡಿಯ ಆಳು ಮಾದಣ್ಣನ ಪಾಲಿಗೆ ಬಂತು. ಅವನು ಸೀಟು ಕಿತ್ತು ಸೀಗೆಪುಡಿ ಹಾಕಿ ಉಜ್ಜಿದ, ಬಿಸಿಲಿಗಿಟ್ಟ, ಗಂಜಲ ಚಿಮುಕಿಸಿದ, ಮೂಲೆಮೂಲೆಗೂ ಇದ್ದಿಲು ಸುರಿದ.

“ಆ ಡಬ್ಬಿಗೆ ಮಾತ್ರ ನೀರು ಸೋಕಿಸ್ಬೇಡ ಕಣ್ಲಾ, ದೇವ್ರುದು,” ಎಂದು ನೀಲಕಂಠಸ್ವಾಮಿ ಪಕ್ಕದಲ್ಲೇ ನಿಂತು ಕಾದ.

ಕೊನೆಗೆ ಗಾಜು ಏರಿಸಿ ಒಳಗೆ ಸಾಂಬ್ರಾಣಿ ಹಾಕಿದರು. ಹೊಗೆ ಸಂದಿಗೊಂದಿಯಿಂದ ಬುಸುಬುಸು ಬರುವುದನ್ನು ಕಂಡ ಬೀದಿಯ ಜನ ಕಾರಿಗೆ ಬೆಂಕಿ ಬಿತ್ತೆಂದು ಕೊಡ ಕೊಡ ನೀರು ತಂದು ಸುರಿದರು. ಉಪಕಾರ ಮಾಡುವವರಿಗೆ ನಮ್ಮ ಕಡೆ ಎಂದೂ ಬರವಿಲ್ಲ. ಮಾದಣ್ಣ ಎಲ್ಲವನ್ನೂ ಮತ್ತೆ ಒಣಗಿಸಿ, ಸೀಟಿಗೆ ಮೂಗಿಟ್ಟು ಮೂಸಿದ.

“ಸಾವ್ಕಾರ್ರೆ, ಕಾರೊಳ್ಗೆ ಈಗ ಏನೂ ಇಲ್ಲ. ನೀವು ಬಂದು ಕುಂತ್ರೆ ಮಾತ್ರ ನಾತ ಬತ್ತದೆ.”

“ಏನ್ಲಾ ಅಂಗಂದ್ರೆ?”

“ಏನಿಲ್ಲ ಬುಡಿ,” ಎಂದು ಮಾದಣ್ಣ ಬಕೆಟ್ಟು ಎತ್ತಿಕೊಂಡು ಹೋದ.

ಅವನು ನುಂಗಿಕೊಂಡ ಮಾತನ್ನು ನೀಲಕಂಠಸ್ವಾಮಿಯ ಹೆಂಡತಿ ಪುಟ್ಟಬಸಮ್ಮ ನುಂಗಿಕೊಳ್ಳಲಿಲ್ಲ. “ಕಾರು ಇತ್ಲಲ್ಲಿ ನಿಂತದೆ, ನಾತ ನಿಮ್ ಜೊತೆ ಊಟುಕ್ಕೆ ಬಂದು ಕುಂತದೆ. ಅವ್ವಂಗೆ ಕೊಟ್ಟ ಮಾತು ಮುರುದ್ಬುಟ್ರಿ ಅಲ್ವಾ?”

“ಶಿವನಾಣೆಗೂ ಇಲ್ಲ ಕಣೆ!”

“ಆಣೆ ಬೇರೆ,” ಎಂದ ಪುಟ್ಟಬಸಮ್ಮ ಅಂದಿನಿಂದ ಮುದ್ದೆ ಬಡಿಸಿ ಗೋಡೆಯ ಕಡೆ ತಿರುಗಿ ಕೂರತೊಡಗಿದಳು. ನೀಲಕಂಠಸ್ವಾಮಿಗೆ ನಿಜವಾಗಿಯೂ ಅಳು ಬಂತು. ಒಂದು ದಮ್ಮೂ ಎಳೆಯದೆ ಸುಳ್ಳುಗಾರನಾಗಿದ್ದ. ಅದೂ ಸ್ವಂತ ಹೆಂಡತಿಯ ಕಣ್ಣಲ್ಲಿ. ಶಿವರಾತ್ರಿಗೆ ಅವ್ವ ಬರಲಿ, ಅವಳೆದುರಿಗೇ ಇತ್ಯರ್ಥವಾಗಲಿ ಎಂದು ಅವಳು ಬೇರೆ ಹಟ ಹಿಡಿದಿದ್ದಳು.

ಹಬ್ಬದ ಹಿಂದಿನ ದಿನ ಗಂಡಹೆಂಡತಿ ಕಾರಿನಲ್ಲಿ ಕುದೇರಿಗೆ ಹೋದರು. ಪುಟ್ಟಬಸಮ್ಮ ದಾರಿಯುದ್ದಕ್ಕೂ ಸೆರಗನ್ನು ಮೂಗಿನಿಂದ ತೆಗೆಯಲಿಲ್ಲ. ದೊಡ್ಡಮಲ್ಲಮ್ಮ ತನ್ನ ಗಂಟು ಮಡಿಲಲ್ಲಿಟ್ಟುಕೊಂಡು ಅಳಿಯನ ಪಕ್ಕದ ಸೀಟಿನಲ್ಲಿ ಕೂತಳು. ನೀಲಕಂಠಸ್ವಾಮಿ ಎಂದಿನಂತೆ ಡಬ್ಬಿ ತೆರೆದು ಹಣೆಗೆ ಎಳೆದುಕೊಂಡ. ಅತ್ತೆಗೂ ಭಕ್ತಿಯಿಂದ ಒಡ್ಡಿದ. ಆಕೆ ಬೆರಳಲ್ಲಿ ತೆಗೆದು ಹಣೆಯವರೆಗೆ ಒಯ್ದವಳು ಅಲ್ಲೇ ಕೈ ತಡೆದಳು. ಮೂಸಿದಳು. ಅಳಿಯನ ಹಣೆ ನೋಡಿದಳು.

“ಅಳಿಯಂದ್ರೇ, ಇದು ಚುಟ್ಟದ ಬೂದಿ. ನಿಮ್ ಮಾವುನ್ನ ಮದ್ವೆ ಆದಾಗ್ನಿಂದ ಇದ್ನೇ ಗುಡ್ಸಿವ್ನಿ, ನಂಗ್ ಗೊತ್ತಿಲ್ವಾ?”

ನೀಲಕಂಠಸ್ವಾಮಿ ತನ್ನ ಮೂರು ಬೆರಳನ್ನೂ ಮೂಗಿಗೆ ಹಿಡಿದು ಮೂಸಿದ.

“ನಾನೇಳ್ಲಿಲ್ವಾ!” ಎಂದಳು ಹಿಂದಿನಿಂದ ಪುಟ್ಟಬಸಮ್ಮ. “ಸೇದ್ತಾರೆ ಕಣವ್ವ ಇವ್ರು!”

“ಸುಮ್ಕಿರಮ್ಮಿ,” ಎಂದ ದೊಡ್ಡಮಲ್ಲಮ್ಮ ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸೇದೋರಾಗಿದ್ರೆ ಬೂದಿ ಗುರ್ತು ಸಿಕ್ತಿರ್ನಿಲ್ವಾ? ಚುಟ್ಟ ಸೇದೋ ಯಾವ ಗಂಡ್ಸಾದ್ರೂ ಅದ್ರ ಬೂದಿಯ ಅಣೆಗೆ ಬಳ್ಕಂಡು ಕೈ ಮುಗುದಾನಾ? ನಿನ್ ಗಂಡನಂಥ ಸಾಚಾ ಮನ್ಸ ಈ ಸೀಮೇಲೇ ಇಲ್ಲ ಕಣಮ್ಮಿ!”

ಪುಟ್ಟಬಸಮ್ಮ ಹಿಂದಿನ ಸೀಟಿನಿಂದ ಬಾಗಿ, ದಾರಿಗೆಂದು ತಂದಿದ್ದ ಚೊಂಬಿನ ನೀರಲ್ಲಿ ಸೆರಗಿನ ತುದಿ ನೆನೆಸಿ, ಕುದೇರಿನ ನಡುಬೀದಿಯಲ್ಲಿ ಗಂಡನ ಹಣೆ ಒರೆಸಿದಳು. ನೀಲಕಂಠಸ್ವಾಮಿ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡ.

ದೊಡ್ಡಮಲ್ಲಮ್ಮ ಡಬ್ಬಿಯನ್ನು ಕಿತ್ತು ಕಿಟಕಿಯ ಹೊರಗೆ ಹಿಡಿದಳು. ಕೊಡವುವ ಮುಂಚೆ ಮತ್ತೆ ಮೂಗಿನ ಹತ್ತಿರ ತಂದು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಇಟ್ಟುಕೊಂಡಳು.

“ನಿಮ್ ಮಾವ ಇದ್ದಿದ್ರೆ,” ಎಂದಳು, “ಈ ಕಾರಿಂದ ಇಳೀತಾನೇ ಇರ್ನಿಲ್ಲ.”