ಸಾಕಮ್ಮ ಕಟ್ಟಿದ ಏರಿ

ಸಮುದ್ರಕ್ಕೆ ಏರಿ ಕಟ್ಟಿ ತೂಬು ಇಟ್ಟವರು ಯಾರಾದರೂ ಇದ್ದರೆ ಅದು ಕೆರಗೋಡಿನ ಸಾಕಮ್ಮ ಒಬ್ಬಳೇ. ನನಗೆ ದೊಡ್ಡವ್ವ. ಮಂಡ್ಯದ ಹೊರಗೆ ನಾನು ನಡೆಸುವ ಪಿಂಗಾಣಿ ಶೆಡ್ಡಿನಲ್ಲಿ ಬಿಳಿ ತಟ್ಟೆಗಳ ಮೇಲೆ ನೀಲಿ ಬಣ್ಣದಲ್ಲಿ ದೋಣಿ, ಬಲೆ, ಏಡಿ, ಅಲೆ ಬರೆಯುವುದು ಅವಳ ಕೆಲಸ. ನಾನೋ ಕಡಲ ಪಕ್ಕದ ಕುಂದಾಪುರದ ಕಡೆ ನಾಲ್ಕು ವರ್ಷ ಇದ್ದು ಈ ಕೆಲಸ ಕಲಿತು ಬಂದವಳು. ಅವಳು ಕನ್ನಂಬಾಡಿ ಕಟ್ಟೆಗಿಂತ ದೊಡ್ಡ ನೀರು ಕಂಡವಳಲ್ಲ.

ಐವತ್ತು ವರ್ಷ ಮನೆಮುಂದೆ ರಂಗೋಲಿ ಎಳೆದ ಕೈ. ಅಳಿಸಿ ಬರೆಯುವ ಮಾತೇ ಇಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ತಟ್ಟೆಯ ಮೀನಿಗೂ ಬೈಗುಳ: "ಅಲ್ಲಾಡ್ಬ್ಯಾಡ, ಸುಮ್ಕಿರ್ಲಾ, ಬಾಲ ಬರೀತಾ ಇವ್ನಿ!"

ಮೊದಲ ವಾರವೇ ಜಗಳವಾಯಿತು. ಅಲೆಗಳ ಸುತ್ತ ದಪ್ಪನೆಯ ಗೆರೆ ಕಂಡು ಏನಿದು ಅಂದೆ.

"ಏರಿ."

"ಏರಿ ಇರೋದು ಕೆರೆಗೆ, ಸಮುದ್ರಕ್ಕಲ್ಲ ದೊಡ್ಡವ್ವ."

"ಏರಿ ಇಲ್ದಿರಾ ಅಷ್ಟ್ ನೀರು ನಿಂತ್ಕತದಾ? ಊರೇ ಮುಳ್ಗೋಯ್ತದೆ ಕಣವ್ವ. ನೋಡಿಲ್ಲಿ, ತೂಬೂ ಮಡಗಿವ್ನಿ, ಗದ್ದೆಗೆ ನೀರ್ ಬುಡಕೆ."

"ಅಯ್ಯೋ, ಉಪ್ಪುನೀರು ಅದು!"

"ನೀನ್ ಯೋಳ್ದೆ, ನಾನ್ ನಂಬ್ದೆ," ಅಂತ ನಕ್ಕುಬಿಟ್ಟಳು.

ಶೆಡ್ಡಿಗೆ ಬಂದವರು ಆ ಏರಿಯನ್ನು ನೋಡಿ ನಗುತ್ತಿದ್ದರು, ನಗುತ್ತಲೇ ಆ ತಟ್ಟೆಯನ್ನೇ ಆರಿಸಿ ಒಯ್ಯುತ್ತಿದ್ದರು. ಅದು ನನ್ನ ತಲೆಗೆ ಹತ್ತಬೇಕಿತ್ತು, ಹತ್ತಲಿಲ್ಲ. ಕರಾವಳಿಯ ಹೋಟೆಲಿನವರೊಬ್ಬರು ನಲವತ್ತು ತಟ್ಟೆಗಳನ್ನು ವಾಪಸು ಕಳಿಸಿ, ಸಮುದ್ರ ಗೊತ್ತಿಲ್ಲದವರ ಕೈಲಿ ಯಾಕೆ ಬರೆಸುತ್ತೀರಿ ಎಂದು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಆ ಸಿಟ್ಟನ್ನೆಲ್ಲ ದೊಡ್ಡವ್ವನ ಮೇಲೆ ತೀರಿಸಿಕೊಂಡೆ.

ಅವಳು ಕುಂಚ ಕೆಳಗಿಟ್ಟಳು. "ಕಾಣ್ದೆ ಇರೋದ್ನ ಯೆಂಗವ್ವ ಬರೀಲಿ? ಒಂದ್ಸಲ ತೋರ್ಸು, ನೀ ಯೋಳ್ದಂಗೇ ಬರ್ದ್ಕೊಡ್ತೀನಿ."

ಮರುವಾರವೇ ಬಸ್ಸು ಹತ್ತಿಸಿ ಮಂಗಳೂರಿಗೆ ಕರೆದುಕೊಂಡು ಹೋದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅಲೆಯಂಚಿನಲ್ಲಿ ನಿಂತವಳು ಮಧ್ಯಾಹ್ನವಾದರೂ ಕದಲಲಿಲ್ಲ. ಎಲೆಅಡಿಕೆಯನ್ನೂ ಮರೆತಿದ್ದಳು. ಕೊನೆಗೆ ಕೇಳಿದ್ದು ಒಂದೇ ಮಾತು: "ಆಚೆ ದಡ ಎಲ್ಲದೆ?"

"ಇಲ್ಲಿಂದ ಕಾಣಲ್ಲ ದೊಡ್ಡವ್ವ."

ವಾಪಸು ಬರುವಾಗ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇನ್ನು ತಟ್ಟೆಗಳು ಸರಿಹೋಗುತ್ತವೆ ಅಂತ ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಎಂಥ ದಡ್ಡಿ ನಾನು!

ಮಾರನೆಯ ದಿನ ಬಿಳಿ ತಟ್ಟೆಯ ಮುಂದೆ ಒಂದು ಗಂಟೆ ಕೂತಳು. ಒಂದು ಗೆರೆಯೂ ಮೂಡಲಿಲ್ಲ. "ಇವತ್ತು ಬುಡು," ಎಂದು ಎದ್ದುಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ತಿಂಗಳು ಕಾದು, ನಾನೇ ತಟ್ಟೆ, ಬಣ್ಣ ಹಿಡಿದುಕೊಂಡು ಕೆರಗೋಡಿಗೆ ಹೋದೆ. "ನಂದೇ ತಪ್ಪು ದೊಡ್ಡವ್ವ. ಏರಿನೂ ಬರಿ, ತೂಬೂ ಇಡು. ಯಾರೇನಾದರೂ ಅಂದುಕೊಳ್ಳಲಿ, ನೀನು ಬಾ," ಅಂದೆ. ನನಗೆ ಅಳುವೇ ಬಂದುಬಿಟ್ಟಿತ್ತು.

ತಟ್ಟೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೇ ಕೊಟ್ಟಳು. "ಕಾಣ್ದಾಗ ನಿಜ ಅನ್ಕಂಡೇ ಬರೀತಿದ್ದೆ ಕಣ್ಮಗ. ಈಗ ಅಂಗೇ ಬರ್ದ್ರೆ ಸುಳ್ಳಾಯ್ತದೆ. ಕಂಡಂಗೆ ಬರೆಯಾಕೆ ನನ್ ಕೈಲಾಗಕಿಲ್ಲ." ಆಮೇಲೆ ಒಳಗೆ ಹೋಗಿ ನನಗೆ ಮುದ್ದೆ ಬಡಿಸಿದಳು. ಬೇಜಾರಿನ ಮಾತು ಒಂದೂ ಆಡಲಿಲ್ಲ.

ಅದೇ ಕೊನೆಯ ಭೇಟಿ. ಆ ವರ್ಷವೇ ಅವಳು ಹೋಗಿಬಿಟ್ಟಳು. ಅವಳ ಒಳಗೆ ಒಂದು ಸಮುದ್ರವಿತ್ತು. ನಲವತ್ತು ತಟ್ಟೆ ಸರಿಹೋಗಲಿ ಅಂತ ಅದನ್ನು ಕಿತ್ತುಕೊಂಡವಳು ನಾನೇ.