ಆಟಿಯಲ್ಲಿ ಜೋಗ

ನನ್ನದು ಹದಿನೇಳು ಸೀಟಿನ ಟೂರಿಸ್ಟ್ ವ್ಯಾನ್. ಮಧೂರಿನಿಂದ ಮೊಗ್ರಾಲಿನವರೆಗೆ ಯಾರಿಗೆ ಊರು ಸುತ್ತುವ ಮನಸ್ಸಾದರೂ ಮೊದಲು ನನಗೆ ಫೋನು ಬರುತ್ತದೆ. ಕನ್ಯಾಕುಮಾರಿಗೆ, ಮುನ್ನಾರಿಗೆ, ಅದಿರಪಳ್ಳಿಗೆ, ಆಗುಂಬೆಗೆ ಎಷ್ಟು ಸಲ ಹೋಗಿದ್ದೇನೆಂದು ನನಗೇ ನೆನಪಿಲ್ಲ. ಅರ್ಧ ದಾರಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ನೀವು ಇಷ್ಟೆಲ್ಲ ಕಂಡವರು, ನಮ್ಮ ದೇಶದಲ್ಲಿ ನೋಡಲೇಬೇಕಾದದ್ದು ಯಾವುದು?"

ನಾನು ಹಿಂದೆಮುಂದೆ ನೋಡದೆ ಜೋಗ ಎನ್ನುತ್ತಿದ್ದೆ. ಕನ್ಯಾಕುಮಾರಿಯನ್ನು ನಂಬಲಿಕ್ಕಾಗುವುದಿಲ್ಲ. ನಸುಕಿಗೆ ಎದ್ದು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿ ನಿಂತರೆ ಸೂರ್ಯ ಮೋಡದ ಹಿಂದೆ ಕೂತಿರುತ್ತಾನೆ. ಜನ ನನ್ನ ಮುಖ ನೋಡುತ್ತಾರೆ, ಮೋಡವನ್ನು ನಾನೇ ತಂದು ಹಾಕಿದ ಹಾಗೆ. ಜೋಗ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಸ್ಟೇರಿಂಗ್ ಹಿಡಿದುಕೊಂಡೇ ಭಾಷಣ ಬಿಗಿಯುತ್ತಿದ್ದೆ. ಹಾಗೆ ಹೇಳಲಿಕ್ಕೆ ನನಗೆ ನಾಚಿಕೆಯಾಗಬೇಕಿತ್ತು, ಯಾಕೆಂದರೆ ತುಂಬಿದ ಜೋಗವನ್ನು ನಾನೇ ನೋಡಿರಲಿಲ್ಲ.

ಜೋಗ ತುಂಬುವುದು ಆಟಿಯಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಒಂದು ತಿಂಗಳು ನಮ್ಮ ತುಳುವರ ಮನೆಗಳಲ್ಲಿ ಮದುವೆಯಿಲ್ಲ, ಹೊಸ ಮನೆಯ ಒಕ್ಕಲಿಲ್ಲ, ದೂರ ಪ್ರಯಾಣವಿಲ್ಲ. ಬುಕ್ಕಿಂಗ್ ಒಂದೂ ಬರುವುದಿಲ್ಲ. ಆ ತಿಂಗಳು ವ್ಯಾನಿನ ಚಕ್ರ ಬಿಚ್ಚಿಸಿ, ಬಣ್ಣ ಬಳಿಸಿ, ಟೆಸ್ಟಿಗೆ ಹಾಕುವುದು ನನ್ನ ಕ್ರಮ. ಆಟಿ ಮುಗಿದು, ಓಣಂ ರಜೆ ಬಂದು, ಜನ ಫೋನು ಮಾಡುವ ಹೊತ್ತಿಗೆ ಮಳೆ ಸಡಿಲಾಗಿರುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಬಂಡೆಯ ಮೇಲೆ ನಾಲ್ಕು ನೂಲು ಇಳಿಬಿಟ್ಟ ಹಾಗೆ ನೀರು. "ಮಳೆಗಾಲದಲ್ಲಿ ನೋಡಬೇಕಿತ್ತು ನೀವು" ಎಂದು ಹೇಳಿ, ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದು, ಹಿಂದೆ ಕರೆತರುತ್ತಿದ್ದೆ.

ನನ್ನ ಅಕ್ಕನಿಗೆ ಮಾತ್ರ ಈ ಭಾಷಣ ನಡೆಯುತ್ತಿರಲಿಲ್ಲ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿ ಕಟ್ಟಿ ನನ್ನನ್ನು ಓದಿಸಿದಳು, ಡ್ರೈವಿಂಗ್ ಕಲಿಯಲಿಕ್ಕೆ ಕಳಿಸಿದಳು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಕನ್ನಡ ಶಾಲೆಯ ಮೇಷ್ಟ್ರು ಮಕ್ಕಳನ್ನು ಜೋಗಕ್ಕೆ ಹೊರಡಿಸಿದ್ದರಂತೆ. ಹೊರಡುವ ಹಿಂದಿನ ದಿನ ನಾನು ಹುಟ್ಟಿದೆ. ಅಮ್ಮನನ್ನು ನೋಡಿಕೊಳ್ಳಲಿಕ್ಕೆ ಬೇರೆ ಜನವಿರಲಿಲ್ಲ.

"ಎರಡು ದಿನ ತಡೆದು ಹುಟ್ಟಿದ್ದರೆ ನಿನ್ನ ಗಂಟು ಎಂತ ಹೋಗುತ್ತಿತ್ತು ಮಾರಾಯ?" ಎಂದು ಅವಳು ಆಗಾಗ ತಮಾಷೆ ಮಾಡುತ್ತಿದ್ದಳು.

"ಕರೆದುಕೊಂಡು ಹೋಗುತ್ತೇನೆ ಅಕ್ಕ, ವ್ಯಾನು ನಮ್ಮದೇ ಅಲ್ಲವಾ" ಎನ್ನುತ್ತಿದ್ದೆ. ನಮ್ಮದೇ ಆದದ್ದರಿಂದಲೇ ಕೆಟ್ಟಿತು. ಪ್ರತಿ ಸಲವೂ ಕೊನೆಯ ಸೀಟನ್ನು ಯಾರಾದರೂ ಕೇಳುತ್ತಿದ್ದರು, ಮನೆಯವಳಲ್ಲವೇ, ಮುಂದಿನ ಸಲ ಹೋದರಾಯಿತು ಎಂದು ಕೊಟ್ಟುಬಿಡುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು.

ಎರಡು ವರ್ಷದ ಹಿಂದೆ ಅಕ್ಕ ಹೊಸ್ತಿಲು ಎಡವತೊಡಗಿದಳು. ನೀರಿನ ಕೊಡಕ್ಕೆ ಕಾಲು ತಾಗಿಸುವುದು, ಬಾಗಿಲಿಗೆ ಭುಜ ಬಡಿಸಿಕೊಳ್ಳುವುದು. ವಯಸ್ಸು ಎಂದುಕೊಂಡೆವು. ಬೀಡಿಗೆ ಸುತ್ತುವ ನೂಲು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು, ಮೊಣಕಾಲಿನ ಪಕ್ಕದಲ್ಲೇ ಇಟ್ಟ ಕತ್ತರಿ ಕಾಣುತ್ತಿರಲಿಲ್ಲ. ಗೆರಸೆಯ ಸುತ್ತ ತಡಕಾಡುವಳು. ಮಂಗಳೂರಿನ ಕಣ್ಣಿನ ಡಾಕ್ಟರರು ನನ್ನನ್ನು ಒಳಗೆ ಕರೆದು, ಇದು ಕೊಳವೆಯೊಳಗಿಂದ ನೋಡಿದ ಹಾಗೆ, ಕೊಳವೆ ಸಣ್ಣದಾಗುತ್ತಾ ಹೋಗುತ್ತದೆ, ಇದಕ್ಕೆ ಮದ್ದಿಲ್ಲ ಎಂದರು.

"ಅವರಿಗೆ ನೋಡಬೇಕು ಅಂತ ಎಂತಾದರೂ ಇದ್ದರೆ ಬೇಗ ತೋರಿಸಿ."

ಆಗ ಜೂನ್ ತಿಂಗಳು. ಮಳೆ ಹಿಡಿದಿತ್ತು. ಆ ವಾರವೇ ಹೊರಟಿದ್ದರೆ ಆಗುತ್ತಿತ್ತು. ಆದರೆ ಶಾಲೆ ಶುರುವಾದ ಗಡಿಬಿಡಿಯಲ್ಲಿ ನನ್ನ ವ್ಯಾನು ಮಕ್ಕಳ ಟ್ರಿಪ್ಪಿಗೆ ಓಡುತ್ತಿತ್ತು, ಅದು ಮುಗಿಯುವಾಗ ಆಟಿ ಬಂತು.

"ಆಟಿ ಕಳೆಯಲಿ ಅಕ್ಕ. ಸೋಣ ತಿಂಗಳು ಬಂದ ಕೂಡಲೇ ಹೋಗುವ" ಎಂದೆ. ಇದನ್ನು ಹೇಳಿದ್ದು ನಾನೇ. ಅವಳು ಸರಿ ಎಂದಳು. ಇಷ್ಟು ಊರು ಸುತ್ತಿದ ನನಗೂ ಆಟಿಯಲ್ಲಿ ಬಟ್ಟೆ ಕಟ್ಟಿಕೊಂಡು ಹೊರಡುವುದೆಂದರೆ ಒಳಗೊಳಗೇ ಅಳುಕು.

ಸೋಣದ ಮೂರನೇ ದಿನ ಚಿಕ್ಕಪ್ಪ ತೀರಿಕೊಂಡರು. ಸೂತಕ, ಆಮೇಲೆ ಉತ್ತರಕ್ರಿಯೆ, ಬೊಜ್ಜದ ಊಟ. ಅದು ಮುಗಿಯುವಾಗ ಓಣಂ ಪಾರ್ಟಿಯವರು ಬಂದು ಕೂತಿದ್ದರು, ಎರಡು ಮನೆಯವರು, ಸೀಟು ಭರ್ತಿ. ಹೋಗುವುದು ಎಲ್ಲಿಗೆ? ಜೋಗಕ್ಕೇ. ಅಕ್ಕ ಗೇಟಿನವರೆಗೆ ಬಂದು, "ಹೋಗಿ ಬಾ, ಮಾತು ಕೊಟ್ಟಾಗಿದೆಯಲ್ಲ" ಎಂದಳು. ಆ ದಿನ ಜೋಗದಲ್ಲಿ ಆ ಜನರ ಫೋಟೋ ತೆಗೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೀರು ಆಗಲೇ ಬಡವಾಗಿತ್ತು.

ಮುಂದಿನ ಆಟಿಯ ಹೊತ್ತಿಗೆ ಅಕ್ಕನ ಕೊಳವೆ ತೀರಾ ಕಿರಿದಾಗಿತ್ತು. ಊಟದ ಬಟ್ಟಲಿನಲ್ಲಿ ಅನ್ನ ಕಂಡರೆ ಉಪ್ಪಿನಕಾಯಿ ಕಾಣುವುದಿಲ್ಲ, ಉಪ್ಪಿನಕಾಯಿ ಹುಡುಕಿದರೆ ಅನ್ನ ಕಾಣುವುದಿಲ್ಲ. ಬೀಡಿ ನಿಂತಿತು. ಯಾರ ಜೊತೆ ಮಾತಾಡುವಾಗಲೂ ಮೊದಲು ಅವರ ಮೂಗನ್ನು ಹುಡುಕಿ, ಅಲ್ಲಿಂದ ಕಣ್ಣಿಗೆ ಬರುವಳು. ಒಂದು ಬೆಳಿಗ್ಗೆ ನಾನು ತಡೆಯಲಾರದೆ ನಾಳೆಯೇ ಹೋಗುವ ಎಂದೆ. ಸೋದರಮಾವ ಮನೆಗೆ ಬಂದು ಬೈದರು.

"ಆಟಿಯಲ್ಲಿ ಯಾರಾದರೂ ಹೊರಡುತ್ತಾರಾ? ನಿನಗೆ ತಲೆ ಸರಿ ಉಂಟಾ?"

ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಹೇಳಿದಳು, "ಮಾವ, ಆಟಿ ನಮಗೆ. ಜೋಗಕ್ಕೆ ಎಂತ ಆಟಿ?"

ಹದಿನೇಳು ಸೀಟಿನ ವ್ಯಾನಿನಲ್ಲಿ ನಾವಿಬ್ಬರೇ. ಅವಳನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಉಡುಪಿ ದಾಟಿದ ಮೇಲೆ ಮಳೆ ಬಿಡಲೇ ಇಲ್ಲ. ಹೊನ್ನಾವರದಿಂದ ಘಾಟಿ ಹತ್ತುವಾಗ ರಸ್ತೆಬದಿಯ ಬಂಡೆಬಂಡೆಯೂ ನೀರು ಸುರಿಸುತ್ತಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸರಿಯಾದ ಹೊತ್ತಿಗೆ ಹೋಗುತ್ತಿದ್ದೇನೆ ಎಂದುಕೊಂಡೆ.

ವ್ಯಾನಿನಿಂದ ಇಳಿಯುವಾಗಲೇ ಸದ್ದು ಕೇಳಿತು. ಕಿವಿಗಿಂತ ಮೊದಲು ಎದೆಗೆ ತಾಗುವ ಸದ್ದು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಕಂಬಿಯ ಹತ್ತಿರ ಜನರ ನಡುವೆ ದಾರಿ ಮಾಡಿಕೊಂಡು ಅವಳನ್ನು ಮುಂದೆ ನಿಲ್ಲಿಸಿದೆ. ಎದುರಿಗೆ ಬಿಳಿ ಮಂಜು. ಜಲಪಾತ ಬಿಡಿ, ಹತ್ತು ಮಾರು ಆಚೆಯ ಮರವೂ ಕಾಣುತ್ತಿರಲಿಲ್ಲ.

"ಮಂಜು ಬಿಟ್ಟಿತಾ?" ಎಂದು ಅಕ್ಕ ಕೇಳಿದಳು.

"ಈಗ ಬಿಡುತ್ತದೆ."

ಆ ಮಂಜು ಕೆಲವೊಮ್ಮೆ ಒಂದು ಗಳಿಗೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ ಎಂದು ಅಲ್ಲಿ ಬೇಯಿಸಿದ ಜೋಳ ಮಾರುವ ಹೆಂಗಸು ಹೇಳಿದಳು. ಒಂದು ಗಂಟೆ ಕಾದೆವು. ಎರಡು ಗಂಟೆ. ಇಬ್ಬರೂ ಜೋಳ ತಿಂದೆವು. ಅಕ್ಕ ಕನ್ನಡಕದ ಮೇಲಿನ ಹನಿಗಳನ್ನು ಸೆರಗಿನಲ್ಲಿ ಒರೆಸಿ ಒರೆಸಿ ಹಾಕಿಕೊಂಡಳು. ಐದು ನಿಮಿಷಕ್ಕೊಮ್ಮೆ "ಬಿಟ್ಟಿತಾ?" ಎಂದಳು. ನನಗೆ ಸಿಟ್ಟು ಬರುತ್ತಿತ್ತು. ಮನುಷ್ಯರಾದರೆ ಕೈಕಾಲು ಹಿಡಿಯಬಹುದು, ಜಗಳ ಮಾಡಬಹುದು. ಮಂಜಿನ ಮುಂದೆ ನಿಂತು ಏನು ಮಾಡುವುದು? ಮಧೂರು ಗಣಪತಿಗೆ ಅಪ್ಪದ ನೈವೇದ್ಯದ ಹರಕೆ ಹೇಳಿಕೊಂಡೆ. ಅಕ್ಕನಿಗೆ ಕೇಳದ ಹಾಗೆ ಹೇಳಿಕೊಂಡೆ.

ಮೂರು ಗಂಟೆಯ ಸುಮಾರಿಗೆ ಎಡಗಡೆಯ ಜನ ಒಮ್ಮೆಲೇ ಹೋ ಎಂದರು. ನನ್ನ ಕಣ್ಣಂಚಿಗೆ ಬೆಳ್ಳಗೆ ಏನೋ ಬಿತ್ತು. ಅಕ್ಕ ಬಲಕ್ಕೆ ನೋಡುತ್ತಿದ್ದಳು. "ಎಲ್ಲಿ? ಎಲ್ಲಿ?" ಎಂದು ಕತ್ತು ಅಲ್ಲಿ ಇಲ್ಲಿ ತಿರುಗಿಸಿದಳು. ಆ ಸಣ್ಣ ಕೊಳವೆಯಲ್ಲಿ ಅಷ್ಟು ದೊಡ್ಡ ಕಣಿವೆಯನ್ನು ಅವಳು ಹುಡುಕುವುದು ಯಾವಾಗ? ನಾನು ಸರಕ್ಕನೆ ಅವಳ ಎದುರು ಬಂದು, ಎರಡೂ ಕೈಗಳಲ್ಲಿ ಅವಳ ಮುಖ ಹಿಡಿದು, ನೀರಿನ ಕಡೆಗೆ ತಿರುಗಿಸಿದೆ.

"ಇಲ್ಲಿ ಅಕ್ಕ, ನೇರ ನೋಡು, ನೇರ."

ತುಟಿ ಅರಳುತ್ತದೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಕಂಡಿತೋ ಇಲ್ಲವೋ ಮುಖದಲ್ಲಿ ಗೊತ್ತಾಗುತ್ತದಲ್ಲ. ಜನ ಕೂಗುತ್ತಿದ್ದರು, ಶಿಳ್ಳೆ ಹೊಡೆಯುತ್ತಿದ್ದರು. ಹತ್ತು ಉಸಿರು ಎಳೆಯುವಷ್ಟು ಹೊತ್ತು ಇದ್ದಿರಬಹುದು. ಆಮೇಲೆ ಎಲ್ಲರ ಬಾಯಿಂದ ಅಯ್ಯೋ ಎಂಬ ಸದ್ದು ಬಂತು. ನಾನು ಕೈ ತೆಗೆದೆ.

ಅವಳ ಕನ್ನಡಕದ ಒಂದೊಂದು ಗಾಜಿನ ನಟ್ಟನಡುವೆ ನನ್ನ ಒಂದೊಂದು ಹೆಬ್ಬೆರಳಿನ ಗುರುತು ಇತ್ತು. ಜೋಳಕ್ಕೆ ಸವರಿದ ಉಪ್ಪು, ಖಾರ, ಎಣ್ಣೆ ಎಲ್ಲ ಅದರಲ್ಲಿ ಅಂಟಿತ್ತು. ಅಷ್ಟು ಹೊತ್ತೂ ನನ್ನ ಹೆಬ್ಬೆರಳುಗಳು ಅವಳ ಕಣ್ಣಿನ ಮೇಲೆಯೇ ಇದ್ದವು.

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. "ಕಂಡಿತು" ಎಂದಳು. "ಚಂದ ಉಂಟು ಮಾರಾಯ. ಇಷ್ಟು ನೀರು ಉಂಟು ಅಂತ ನಾನು ನೆನೆಸಿಯೇ ಇರಲಿಲ್ಲ."

ನಾನು ಹೂಂ ಎಂದೆ. ಸುಳ್ಳು ಹೇಳುವುದರಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

"ಇನ್ನು ಸ್ವಲ್ಪ ಹೊತ್ತು ನಿಲ್ಲುವ ಅಕ್ಕ. ಇನ್ನೊಮ್ಮೆ ಬಿಟ್ಟೀತು."

"ಕಂಡಿತು ಅಂತ ಹೇಳಿದೆನಲ್ಲ. ಮತ್ತೆ ಎಂತಕ್ಕೆ ಕಾಯುವುದು? ನೀನು ಮಳೆಯಲ್ಲಿ ಚಂಡಿಯಾಗಿ ಜ್ವರ ಬರಿಸಿಕೊಳ್ಳಬೇಡ."

ನಾನು ಏನು ಮಾಡಬೇಕಿತ್ತು? ನಿನಗೆ ಕಾಣಲಿಲ್ಲ ಎಂದು ನನಗೆ ಗೊತ್ತು ಎಂದರೆ ಅವಳ ಮಾತನ್ನು ಸುಳ್ಳು ಮಾಡಿದ ಹಾಗೆ. ಸುಮ್ಮನೆ ಹೊರಟರೆ ಇಷ್ಟು ವರ್ಷದ್ದು ಅಲ್ಲಿಗೇ ಮುಗಿಯಿತು. ಮುಂದಿನ ಆಟಿಗೆ ಆ ಕಣ್ಣಿನಲ್ಲಿ ಏನು ಉಳಿದಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಚಹಾ ಕುಡಿಯುವ ನೆಪದಲ್ಲಿ ಇನ್ನೂ ಒಂದು ಗಂಟೆ ಎಳೆದೆ. ಮಂಜು ಕದಲಲಿಲ್ಲ. ಹಗಲಿನ ಬೆಳಕೇ ಸಣ್ಣದಾಗುತ್ತಾ ಬಂತು. ಅವಳನ್ನು ಕೈಹಿಡಿದು ವ್ಯಾನಿಗೆ ಹತ್ತಿಸಿದೆ.

ಕೀ ತಿರುಗಿಸುವ ಮೊದಲು ಅವಳು ನನ್ನ ಕೈ ಮೇಲೆ ಕೈ ಇಟ್ಟಳು.

"ನಿನಗೆ ಬೇಜಾರಾಗಬಾರದು ಅಂತ ಹಾಗೆ ಹೇಳಿದ್ದು. ನನಗೆ ಎಂತದೂ ಕಾಣಲಿಲ್ಲ. ಕಪ್ಪು ಮಾತ್ರ."

"ನನ್ನ ಬೆರಳು ಅಕ್ಕ."

"ಗೊತ್ತುಂಟು. ಬಿಡು, ಬೇಕೆಂದು ಮಾಡಿದ್ದಾ?" ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. "ನೀನಾದರೂ ನೋಡಿದೆಯಲ್ಲ, ನನಗೆ ಅಷ್ಟೇ ಸಾಕು. ಊರವರಿಗೆಲ್ಲ ಹೇಳುತ್ತೀಯಲ್ಲ, ನನಗೂ ಹೇಳು. ಹೇಗಿತ್ತು? ಮೇಲಿನಿಂದ ಶುರು ಮಾಡು."

ಇಪ್ಪತ್ತು ವರ್ಷ ಬಾಯಿ ಬಡಿದುಕೊಂಡ ನಾನು ಕೀಯನ್ನು ಹೊರಗೆಳೆದುಕೊಂಡೆ. ಗಾಜಿನ ಮೇಲೆ ಮಳೆ ಬೀಳುತ್ತಿತ್ತು. ಅವಳು ಕಾಯುತ್ತಿದ್ದಳು.

"ಹೇಳು ಮಾರಾಯ."

"ಅಕ್ಕ, ಜೋಗ ನನ್ನ ಬೆನ್ನ ಹಿಂದೆ ಇತ್ತು" ಎಂದೆ. "ನಾನು ನಿನ್ನ ಮುಖ ನೋಡುತ್ತಿದ್ದೆ."